ಕೆರೆ ಪಾಸಾಯಿತಾ, ಬಿಲ್ ಪಾಸಾಯಿತಾ?

ಬೆಂಗಳೂರಿನಲ್ಲಿ 'ಅಭಿವೃದ್ಧಿ' ಆಗಿರುವ ಯಾವುದಾದರೂ ಕೆರೆಯ ಗೇಟಿನ ಹತ್ತಿರ ನಿಂತು ಅಲ್ಲಿರುವ ಬೋರ್ಡ್ ಓದಿ ನೋಡಿ. ಕೆರೆ ಎಷ್ಟು ಎಕರೆ, ಕಾಮಗಾರಿಯ ಮೊತ್ತ ಎಷ್ಟು, ಯಾವ ವರ್ಷದ ಅನುದಾನ, ಬೆಳಗ್ಗೆ ಎಷ್ಟು ಗಂಟೆಗೆ ಗೇಟ್ ತೆಗೀತಾರೆ, ನಾಯಿ ಕರೆತರಬಾರದು, ಈಜಬಾರದು, ಮೀನು ಹಿಡಿಯಬಾರದು. ಸಾಮಾನ್ಯವಾಗಿ ಇವೆಲ್ಲ ಇರುತ್ತೆ. ನೀರು ಹೇಗಿದೆ ಅನ್ನೋದು ಮಾತ್ರ ಇರಲ್ಲ. ನೀರಿನಲ್ಲಿ ಆಕ್ಸಿಜನ್ ಎಷ್ಟಿದೆ, ಯಾವ ಕಡೆಯಿಂದ ಎಂಥ ನೀರು ಒಳಗೆ ಬರ್ತಿದೆ, ಕಳೆದ ಮಳೆಗಾಲದಲ್ಲಿ ಕೋಡಿ ಹರಿಯಿತಾ, ಪಕ್ಕದ ಬಾವಿಯಲ್ಲಿ ನೀರು ಮೇಲೆ ಬಂತಾ – ಒಂದೂ ಇಲ್ಲ. ಅದು ಪಾರ್ಕಿನ ಬೋರ್ಡ್. ಪಾರ್ಕಿನ ಮಧ್ಯೆ ಹೇಗೋ ನೀರೂ ಇದೆ, ಅಷ್ಟೆ.

ನಗರಾಭಿವೃದ್ಧಿ ಯೋಜನೆಗಳಿಂದ ಪರಿಸರಕ್ಕೆ ಏನು ಲಾಭವಾಯಿತು ಅಂತ ಕೇಳಿದರೆ ಉತ್ತರ ರೆಡಿ ಇರುತ್ತೆ: ಇಷ್ಟು ಕೆರೆ ಪುನಶ್ಚೇತನ, ಇಷ್ಟು ಕಿಲೋಮೀಟರ್ ರಾಜಕಾಲುವೆ, ಇಷ್ಟು ಕೋಟಿ. ಇದು ಖರ್ಚಿನ ಲೆಕ್ಕ. ಫಲದ ಲೆಕ್ಕ ಬೇರೆಯೇ ಇದೆ, ಅದನ್ನು ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ ಅನ್ನೋದು ನಮ್ಮ ತಕರಾರು.

ಈ ವ್ಯತ್ಯಾಸ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೂತವರಿಗೆ ವಿವರಿಸಬೇಕಾಗಿಲ್ಲ. ಎನ್‌ಬಿಎ ಟೀಮ್ ಬರ್ತಾರೆ ಅಂದರೆ ಸಾಕು, ಲೆಕ್ಚರರ್‌ಗಳೆಲ್ಲ ರಾತ್ರಿ ಕೂತು ಸಿಒ-ಪಿಒ ಮ್ಯಾಪಿಂಗ್ ಶೀಟ್ ತುಂಬಿಸ್ತಾರೆ. ನಮ್ಮ ಇಂಟರ್ನಲ್ಸ್ ಪ್ರಶ್ನೆಪತ್ರಿಕೆಯ ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಯಾವ ಕೋರ್ಸ್ ಔಟ್‌ಕಮ್‌ಗೆ ಸೇರಿದ್ದು ಅಂತ ನಂಬರ್ ಇರುತ್ತೆ. ಎಷ್ಟು ಮಾಡ್ಯೂಲ್ ಮುಗಿಸಿದಿರಿ ಅನ್ನೋದು ಮುಖ್ಯ ಅಲ್ಲ, ಹುಡುಗರಿಗೆ ಏನು ಬಂತು ಅನ್ನೋದು ಮುಖ್ಯ ಅಂತ ಅದರ ತತ್ವ. (ನಮಗೆ ನಿಜವಾಗಿ ಏನು ಬಂತು ಅನ್ನೋ ಪ್ರಶ್ನೆ ಇಲ್ಲಿ ಬೇಡ.) ಎಂಜೆನಿಯರಿಂಗ್ ಓದುವ ಹುಡುಗರಿಗೆ ಹಾಕುವ ಈ ಅಳತೆಗೋಲನ್ನು ಇಂಜಿನಿಯರ್‌ಗಳೇ ಕಟ್ಟುವ ಕೆರೆಗೆ ಯಾಕೆ ಹಾಕಲ್ಲ?

ಮೊದಲು ಕೆರೆ ಅಂದರೆ ಏನು ಅಂತ ನೋಡೋಣ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದ ದಿಬ್ಬದ ಮೇಲೆ ಕೂತಿರುವ ಊರು. ಊರೊಳಗೆ ವರ್ಷವಿಡೀ ಹರಿಯುವ ದೊಡ್ಡ ಹೊಳೆ ಇಲ್ಲ. ಬಿದ್ದ ಮಳೆ ಮೂರು ಮುಖ್ಯ ಕಣಿವೆಗಳಲ್ಲಿ ಇಳಿದು ಹೋಗುತ್ತದೆ: ಹೆಬ್ಬಾಳ ಕಣಿವೆ, ಕೋರಮಂಗಲ-ಚಲ್ಲಘಟ್ಟ ಕಣಿವೆ, ವೃಷಭಾವತಿ ಕಣಿವೆ. ಮೊದಲ ಎರಡು ದಕ್ಷಿಣ ಪಿನಾಕಿನಿ ಕಡೆಗೆ, ವೃಷಭಾವತಿ ಅರ್ಕಾವತಿ ಸೇರಿ ಕಾವೇರಿ ಕಡೆಗೆ. ಹೀಗೆ ಓಡಿಹೋಗುವ ನೀರನ್ನು ಹಿಂದಿನವರು ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದರು. ಏರಿಯಲ್ಲಿ ತೂಬು, ತೂಬಿನಿಂದ ಕೆಳಗಿನ ಅಚ್ಚುಕಟ್ಟಿಗೆ ನೀರು. ಕೆರೆ ತುಂಬಿದರೆ ಕೋಡಿ ಬೀಳುತ್ತದೆ, ಕೋಡಿಯ ನೀರು ಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳಲು ನೀರುಗಂಟಿ. ನಮ್ಮಂಥ ಇಂಗ್ಲಿಷ್ ಮೀಡಿಯಂನವರಿಗೆ 'ಸ್ಲೂಯಿಸ್ ಗೇಟ್' ಗೊತ್ತು, ಹೈಡ್ರಾಲಿಕ್ಸ್ ಪುಸ್ತಕದಲ್ಲಿ ಅದರ ಮೇಲೆ ಪ್ರಾಬ್ಲಮ್ ಇದೆ. 'ತೂಬು' ಅಂದರೆ ಮುಖ ಮುಖ ನೋಡ್ತೀವಿ. ನಮ್ಮೂರಲ್ಲಿ ನೂರಾರು ವರ್ಷ ಕೆಲಸ ಮಾಡಿದ್ದು ತೂಬು.

ಇಲ್ಲಿ ಗಮನಿಸಬೇಕಾದ್ದು, ಯಾವ ಕೆರೆಯೂ ಒಂಟಿಯಲ್ಲ. ಸೀರೀಸ್ ಸರ್ಕ್ಯೂಟ್ ಇದ್ದ ಹಾಗೆ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಬಾಯಿ. ಈ ಸರಪಳಿಯ ಕೊಂಡಿಗಳನ್ನು ನಾವು ಒಂದೊಂದಾಗಿ ಕಿತ್ತೆವು. ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕೋರಮಂಗಲದ ಕೆರೆಯ ಜಾಗದಲ್ಲಿ ನ್ಯಾಷನಲ್ ಗೇಮ್ಸ್ ವಿಲೇಜ್. ಅವೂ ಅವತ್ತಿನ ಅಭಿವೃದ್ಧಿ ಯೋಜನೆಗಳೇ. ಅವತ್ತೂ ಬೋರ್ಡ್ ಹಾಕಿರುತ್ತಾರೆ.

ಈಗಿನ 'ಪುನಶ್ಚೇತನ' ಹೇಗೆ ನಡೆಯುತ್ತೆ? ನೀರು ಖಾಲಿ ಮಾಡ್ತಾರೆ, ಹೂಳು ತೆಗೀತಾರೆ, ಸುತ್ತಲೂ ದಂಡೆ ಎತ್ತರಿಸಿ ಅದರ ಮೇಲೆ ವಾಕಿಂಗ್ ಟ್ರ್ಯಾಕ್, ಚೈನ್‌ಲಿಂಕ್ ಬೇಲಿ, ಗಣೇಶನ್ನ ಬಿಡೋಕೆ ಒಂದು ಕಲ್ಯಾಣಿ, ಕೂರಲು ಮಂಟಪ. ಕೇಳಲು ಚೆನ್ನಾಗಿದೆ. ಆದರೆ ಮೂಲ ಕೆರೆಗೆ ಏರಿ ಇದ್ದದ್ದು ಒಂದೇ ಕಡೆ. ಉಳಿದ ಕಡೆ ನೆಲ ನಿಧಾನವಾಗಿ ಇಳಿದು ನೀರಿಗೆ ಸೇರುತ್ತಿತ್ತು. ಆ ತೆಳು ನೀರಿನ ಅಂಚಿನಲ್ಲೇ ಜೊಂಡು ಬೆಳೆಯುತ್ತಿತ್ತು, ನೀರಲ್ಲಿ ನಡೆಯುವ ಹಕ್ಕಿಗಳು ಮೇಯುತ್ತಿದ್ದವು, ಮೀನು ಮೊಟ್ಟೆ ಇಡುತ್ತಿತ್ತು. ಸುತ್ತಲೂ ಕಡಿದಾದ ದಂಡೆ ಕಟ್ಟಿದರೆ ಕೆರೆ ಸೂಪ್ ಬೌಲ್ ಆಗುತ್ತೆ. ಪರಿಸರ ತಜ್ಞರು ಈ ಮಾತನ್ನು ಎಷ್ಟೋ ವರ್ಷದಿಂದ ಹೇಳುತ್ತಿದ್ದಾರೆ. ಸುತ್ತಲಿಂದ ಹರಿದು ಬರಬೇಕಾದ ಮಳೆನೀರಿಗೂ ಆ ಟ್ರ್ಯಾಕೇ ಅಡ್ಡ. ಟೆಂಡರಿನಲ್ಲಿ ದಂಡೆಗೆ ರನ್ನಿಂಗ್ ಮೀಟರ್ ಲೆಕ್ಕದಲ್ಲಿ ದುಡ್ಡಿದೆ, ತೆಳು ನೀರಿನ ಅಂಚಿಗೆ ಯಾವ ರೇಟೂ ಇಲ್ಲ. ಕಟ್ಟದೇ ಬಿಟ್ಟದ್ದಕ್ಕೆ ಬಿಲ್ ಹಾಕೋದು ಹೇಗೆ?

ಇದಕ್ಕಿಂತ ದೊಡ್ಡ ಸಮಸ್ಯೆ ಕೊಳಚೆ ನೀರಿನದ್ದು. ಕೆರೆಗೆ ಬರುವ ಚರಂಡಿ ನೀರನ್ನು ತಡೆಯಲು ಬಳಸುವ ಸುಲಭ ದಾರಿ ಡೈವರ್ಷನ್: ಕೆರೆಯ ಪಕ್ಕದಲ್ಲೇ ಒಂದು ಕಾಲುವೆಯೋ ಪೈಪೋ ಹಾಕಿ ಕೊಳಚೆಯನ್ನು ಸುತ್ತು ಬಳಸಿ ಕೋಡಿಯ ಆಚೆ ಬಿಡೋದು. ಕೆರೆ ಸ್ವಚ್ಛ, ಫೋಟೋ ಚೆಂದ. ಆ ಕೊಳಚೆ ಎಲ್ಲಿಗೆ ಹೋಯಿತು? ಕೆಳಗಿನ ಕೆರೆಗೆ. ಅಲ್ಲೂ ಒಂದು ಯೋಜನೆ, ಅಲ್ಲೂ ಒಂದು ಡೈವರ್ಷನ್. ಹಾಸ್ಟೆಲ್‌ನಲ್ಲಿ ರೂಮ್ ಇನ್‌ಸ್ಪೆಕ್ಷನ್ ಅಂದ ತಕ್ಷಣ ಕಸವನ್ನೆಲ್ಲ ಪಕ್ಕದ ರೂಮಿಗೆ ಗುಡಿಸೋದು ಇದ್ದೇ ಇದೆಯಲ್ಲ, ಅದೇ ಇದು. ಪ್ರತಿ ರೂಮೂ ಪಾಸ್, ಕೊನೆಯ ರೂಮಿನವನ ಗತಿ ಕೇಳಬೇಡಿ.

ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಆ ಕೊನೆಯ ರೂಮು ಬೆಳ್ಳಂದೂರು, ಅದರ ಕೆಳಗೆ ವರ್ತೂರು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ನೊರೆ ಉಗುಳಿ ರಸ್ತೆಗೆ ಹಾರಿಸಿದ್ದು, 2017ರ ಫೆಬ್ರವರಿಯಲ್ಲಿ ಬೆಂಕಿ ಹತ್ತಿಕೊಂಡದ್ದು, 2018ರ ಜನವರಿಯಲ್ಲಿ ಮತ್ತೆ ಹತ್ತಿದಾಗ ಆರಿಸಲು ಸೈನಿಕರೂ ಬರಬೇಕಾದದ್ದು ಎಲ್ಲರಿಗೂ ನೆನಪಿದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸರ್ಕಾರಕ್ಕೆ 50 ಕೋಟಿ ದಂಡ ಹಾಕಿತು. ನೊರೆಗೆ ಕಾರಣ ನಮ್ಮ ಬಟ್ಟೆ ಒಗೆಯುವ ಪುಡಿ, ಸೋಪು. ನೀರಿನ ಮೇಲೆ ಹಾಸಿದ್ದ ಕಳೆಗೆ ಗೊಬ್ಬರವಾದದ್ದು ನಮ್ಮ ಶೌಚದ ಸಾರಜನಕ, ರಂಜಕ. ಮೇಲಿನ ಕೆರೆಗಳ ಯೋಜನೆಗಳು ಒಂದೊಂದೂ ಕಾಗದದಲ್ಲಿ ಪಾಸಾಗಿರಬಹುದು. ಅವುಗಳ ಒಟ್ಟು ಮೊತ್ತ ಬೆಳ್ಳಂದೂರು. ಬಿಡಿಬಿಡಿಯಾಗಿ ಮೌಲ್ಯಮಾಪನ ಮಾಡುವುದರಲ್ಲೇ ಮೋಸ ಇದೆ ಅಂತ ನಾವು ಹೇಳೋದು ಇದಕ್ಕೇ.

ರಾಜಕಾಲುವೆಯ ಕಥೆಯೂ ಅಷ್ಟೆ. ಮಣ್ಣಿನ ಕಾಲುವೆಗೆ ಎರಡೂ ಬದಿ ಕಾಂಕ್ರೀಟ್ ಗೋಡೆ, ಕೆಳಗೂ ಕಾಂಕ್ರೀಟ್ ಹಾಕಿ 'ಅಭಿವೃದ್ಧಿ' ಅಂತೀವಿ. ಮ್ಯಾನಿಂಗ್ ಸೂತ್ರ ಓದಿದವರು ಒಂದು ನಿಮಿಷ ಲೆಕ್ಕ ಹಾಕಿ. ಹುಲ್ಲು-ಗಿಡ ಇರುವ ಮಣ್ಣಿನ ಕಾಲುವೆಗೆ 'ಎನ್' ಬೆಲೆ ಸುಮಾರು 0.03, ಕಾಂಕ್ರೀಟಿಗೆ ಸುಮಾರು 0.015. ಆಕಾರ, ಇಳಿಜಾರು, ಆಳ ಅದೇ ಇದ್ದರೆ ನೀರಿನ ವೇಗ ಎರಡರಷ್ಟು. ಮೇಲಿನ ಬಡಾವಣೆಯ ನೀರು ಬೇಗ ಖಾಲಿಯಾಯಿತು, ನಿಜ. ಅದೇ ನೀರು ಅರ್ಧ ಹೊತ್ತಿನಲ್ಲಿ ಕೆಳಗಿನವರ ಮನೆ ಬಾಗಿಲಿಗೆ ಬಂತು, ದಾರಿಯಲ್ಲಿ ನೆಲಕ್ಕೆ ಒಂದು ಹನಿಯೂ ಇಂಗಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಕಡೆಯ ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಿಡಿಯೋ ನೋಡಿ ನಾವೆಲ್ಲ ನಕ್ಕೆವು. ಒಂದೂವರೆ ವರ್ಷದ ನಂತರ, 2024ರ ಮಾರ್ಚ್‌ನಲ್ಲಿ, ಅದೇ ಊರಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಸರ್ಕಾರವೇ ದರ ನಿಗದಿ ಮಾಡಬೇಕಾಯಿತು. ನೆರೆ, ಬರ ಎರಡನ್ನೂ ಒಂದೇ ಕಾಂಕ್ರೀಟಿನಿಂದ ಸಾಧಿಸಿದ ಊರು ನಮ್ಮದು.

ಬರಕ್ಕೆ ಉತ್ತರವಾಗಿ 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು: ದಿನಕ್ಕೆ 775 ಎಂಎಲ್‌ಡಿ, ಅಂದರೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು. ಹೊರವಲಯದ ಹಳ್ಳಿಗಳಿಗೆ ಕುಡಿಯುವ ನೀರು ಬೇಕೇ ಬೇಕು, ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಎರಡು ಲೆಕ್ಕ ಇದೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಹೆಚ್ಚುಕಡಿಮೆ 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತೆ. ಪಿಯುಸಿಯ ಎಂ-ಜಿ-ಎಚ್ ಹಾಕಿ ನೋಡಿ. ಪಂಪಿನ ದಕ್ಷತೆ ನೂರಕ್ಕೆ ನೂರು ಅಂತ ಹಿಡಿದರೂ ಐದನೇ ಹಂತದ ನೀರನ್ನು ಎತ್ತಲು ದಿನಕ್ಕೆ 10 ಲಕ್ಷ ಯೂನಿಟ್‌ಗೂ ಹೆಚ್ಚು ಕರೆಂಟ್ ಬೇಕು. ಎರಡನೇ ಲೆಕ್ಕ: ಒಳಚರಂಡಿ ವಿನ್ಯಾಸದಲ್ಲಿ ಸಾಮಾನ್ಯವಾಗಿ ಪೂರೈಸಿದ ನೀರಿನ ಶೇಕಡಾ 80 ಕೊಳಚೆಯಾಗುತ್ತದೆ ಅಂತ ಹಿಡೀತಾರೆ. 775ರ ಶೇಕಡಾ 80 ಅಂದರೆ 620. ಊರಿಗೆ 775 ಎಂಎಲ್‌ಡಿ ನೀರು ತಂದ ದಿನವೇ 620 ಎಂಎಲ್‌ಡಿ ಕೊಳಚೆಯನ್ನೂ ತಂದ ಹಾಗಾಯಿತು. ಅದೇ ಯೋಜನೆಯಲ್ಲಿ ಒಳಚರಂಡಿ ಕೆಲಸಗಳೂ ಇವೆ. ಆದರೆ ಟಿವಿಯಲ್ಲಿ ಬಂದದ್ದು ನಲ್ಲಿ ನೀರು ಮಾತ್ರ. ಆ 620ರಲ್ಲಿ ಎಷ್ಟು ಶುದ್ಧವಾಗಿ ಎಲ್ಲಿಗೆ ಹೋಗುತ್ತೆ ಅನ್ನೋದೇ ಈ ಯೋಜನೆಯ ಪರಿಸರ ಪರೀಕ್ಷೆ.

ಎಲ್ಲವೂ ಕೆಟ್ಟಿದೆ ಅಂತಲ್ಲ. ಜಕ್ಕೂರು ಕೆರೆ ನೋಡಿ. ಸುಮಾರು 160 ಎಕರೆಯ ಕೆರೆ. ಮೇಲ್ಗಡೆ ಒಂದು ಎಸ್‌ಟಿಪಿ ಇದೆ, ಮೊದಲಿಗೆ 10 ಎಂಎಲ್‌ಡಿ ಸಾಮರ್ಥ್ಯದ್ದು. ಅಲ್ಲಿ ಶುದ್ಧವಾದ ನೀರು ನೇರ ಕೆರೆಗೆ ಬೀಳಲ್ಲ. ಮಧ್ಯೆ ಜೊಂಡು ಬೆಳೆದ ಜೌಗು ಪ್ರದೇಶದಲ್ಲಿ ನಿಧಾನವಾಗಿ ಹಾದು ಬರುತ್ತೆ. ಎಸ್‌ಟಿಪಿಯ ಎರಡನೇ ಹಂತದ ಶುದ್ಧೀಕರಣ ಬಿಒಡಿ ಇಳಿಸುತ್ತದೆ, ಆದರೆ ಸಾರಜನಕ, ರಂಜಕವನ್ನು ಪೂರ್ತಿ ತೆಗೆಯೋದಿಲ್ಲ. ಆ ಉಳಿದ ಗೊಬ್ಬರವನ್ನು ಗಿಡಗಳ ಬೇರು ಹೀರಿಕೊಳ್ಳುತ್ತೆ. ಕೆರೆಯಲ್ಲಿ ಮೀನು ಇದೆ, ಮೀನು ಹಿಡಿಯುವವರು ಇದ್ದಾರೆ, ಹೆಜ್ಜಾರ್ಲೆಗಳು ಬರ್ತವೆ. ಊರವರು ಸೇರಿ ಕೆರೆ ನೋಡಿಕೊಳ್ತಾರೆ. ಇಲ್ಲಿ ಯಾರೋ ಮೊದಲು ನೀರಿನ ದಾರಿ ಯೋಚಿಸಿದ್ದಾರೆ, ಆಮೇಲೆ ಟ್ರ್ಯಾಕಿನ ದಾರಿ. ಹಾಗಂತ ಜೌಗು ಮಾಡಿ ಕೈತೊಳೆದುಕೊಳ್ಳುವ ಹಾಗಿಲ್ಲ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಹಾಕಬೇಕು. ಇಲ್ಲದಿದ್ದರೆ ಅದು ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ವಾಪಸ್ ನೀರಿಗೇ ಬಿಡುತ್ತೆ. ಉದ್ಘಾಟನೆಗೆ ಒಂದು ದಿನ ಸಾಕು, ಈ ಕೊಯ್ಲು ಮಾತ್ರ ಪ್ರತಿ ವರ್ಷ.

ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನೂ ಇದೇ ಸಾಲಿಗೆ ಸೇರಿಸಬಹುದು. 48 ಎಕರೆಯ ಆ ಕೆರೆಯನ್ನು ಪಾಲಿಕೆ ಮತ್ತು ಸ್ಥಳೀಯರು ಒಟ್ಟಿಗೆ ಕೂತು ಯೋಜಿಸಿದರು. ಆದರೆ ಮೇಲಿನಿಂದ ಕೊಳಚೆ ಬಂದರೆ ಅಲ್ಲಿಯವರು ಎಷ್ಟು ಒದ್ದಾಡಿದರೂ ಕಷ್ಟವೇ. ಮತ್ತೆ ಸರಪಳಿಯ ಮಾತೇ.

ಇನ್ನು ಕೋಲಾರ. 2018ರ ಜೂನ್‌ನಿಂದ ಬೆಂಗಳೂರಿನ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು ಕೋಲಾರ ಕಡೆಯ ಕೆರೆಗಳಿಗೆ ಹೋಗುತ್ತಿದೆ. ಯೋಜಿಸಿದ್ದು ದಿನಕ್ಕೆ 440 ಎಂಎಲ್‌ಡಿ, ನೂರಕ್ಕೂ ಹೆಚ್ಚು ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಸಾವಿರ ಅಡಿ ಕೊರೆದರೂ ನೀರು ಸಿಗದ ಜಾಗಗಳು. ಅಲ್ಲಿ ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿತು, ಅಂತರ್ಜಲ ಏರಿತು, ರೈತರು ಮತ್ತೆ ಬೆಳೆ ಇಟ್ಟರು. ಇದನ್ನು ಸಣ್ಣ ವಿಷಯ ಅನ್ನೋದು ಬೆಂಗಳೂರಿನಲ್ಲಿ ನಲ್ಲಿ ತಿರುಗಿಸುವವರ ಸೊಕ್ಕು. ಆದರೆ ಶುರುವಾದ ಕೆಲವೇ ವಾರಗಳಲ್ಲಿ, 2018ರ ಜುಲೈನಲ್ಲಿ, ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ತಡೆ ಬಂತು, ಮತ್ತೆ ನೀರು ಹರಿಯಿತು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅನ್ನೋದು ಅಲ್ಲಿನ ರೈತ ಹೋರಾಟಗಾರರ ಬೇಡಿಕೆ. ನ್ಯಾಯವಾದ ಬೇಡಿಕೆ. ಕೆರೆಯಿಂದ ಇಂಗಿದ ನೀರನ್ನೇ ಬೋರ್‌ವೆಲ್‌ನಿಂದ ಎತ್ತಿ ಕುಡಿಯುವವರು ಅವರು, ನಾವಲ್ಲ. ಈ ಯೋಜನೆಯ ಮಾರ್ಕ್ಸ್ ಕಾರ್ಡ್ ಬರೆಯುವವರು ಬೆಂಗಳೂರಿನಿಂದ ಎಷ್ಟು ನೀರು ಹೊರಟಿತು ಅಂತ ನೋಡುತ್ತಾರೋ, ಕೋಲಾರದ ಬಾವಿಯಲ್ಲಿ ಏನು ಸಿಗುತ್ತಿದೆ ಅಂತ ನೋಡುತ್ತಾರೋ ಅನ್ನೋದೇ ನಮ್ಮ ಪ್ರಶ್ನೆ.

ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿನ ಕಡೆ ಇಳಿಯುವ ಕೆ-100 ರಾಜಕಾಲುವೆಯನ್ನು ಸುಂದರಗೊಳಿಸುವ ಯೋಜನೆಗೆ ಸೋಲ್ ನಗರದ ಚಿಯಾಂಗ್‌ಗೇಚನ್ ತೊರೆಯ ಉದಾಹರಣೆ ಕೊಡ್ತಾರೆ. 2003ರಿಂದ 2005ರೊಳಗೆ ಅಲ್ಲಿ ಮೇಲ್ಸೇತುವೆಯನ್ನೇ ಕೆಡವಿ 5.8 ಕಿಲೋಮೀಟರ್ ತೊರೆ ತೆರೆದರು. ಸುತ್ತಲಿನ ತಾಪಮಾನ ಪಕ್ಕದ ರಸ್ತೆಗಳಿಗಿಂತ ಕೆಲವು ಡಿಗ್ರಿ ಕಡಿಮೆಯಾಯಿತು, ಮೀನು-ಹಕ್ಕಿಗಳು ಹೆಚ್ಚಾದವು. ಅದೇ ತೊರೆಗೆ ಹಾನ್ ನದಿಯಿಂದ ದಿನಕ್ಕೆ ಸುಮಾರು 120 ಎಂಎಲ್‌ಡಿ ನೀರನ್ನು ಪಂಪ್ ಮಾಡಬೇಕು ಅನ್ನೋದೂ ನಿಜ. ಇಲ್ಲಿ ಯಾರೂ ಅದನ್ನು ಹೇಳಲ್ಲ. ಕೆ-100 ಪಕ್ಕ ನಡೆಯೋಕೆ ನಮಗೂ ಖುಷಿಯೇ. ಕಾಲುವೆಗೆ ಸೇರುತ್ತಿದ್ದ ಕೊಳಚೆ ಎಷ್ಟು ಎಂಎಲ್‌ಡಿ ನಿಂತಿತು, ನಿಂತಲ್ಲೇ ನಿಂತಿದೆಯಾ ಅಂತ ಪ್ರತಿ ತಿಂಗಳು ಹೇಳಿದರೆ ಇನ್ನೂ ಖುಷಿ.

ನೀವು ಕೇಳಬಹುದು: ಟ್ರ್ಯಾಕ್ ಇಲ್ಲದಿದ್ದರೆ ಜನ ಬರಲ್ಲ, ಜನ ಬರದಿದ್ದರೆ ಬೇಲಿ ಇಲ್ಲದ ಕೆರೆ ಒಂದೇ ರಾತ್ರಿ ಸೈಟ್ ಆಗುತ್ತೆ, ಅಲ್ವಾ? ಹೌದು. ಈ ಊರಿನಲ್ಲಿ ಅದು ದೊಡ್ಡ ಮಾತು. ಬೆಳಗ್ಗೆ ವಾಕಿಂಗ್ ಬರುವ ಅಜ್ಜ-ಅಜ್ಜಿಯರೇ ಎಷ್ಟೋ ಕೆರೆಗಳ ನಿಜವಾದ ಕಾವಲುಗಾರರು. ಆದರೆ ಬೇಲಿ ಹಾಕಿದ ದಿನ ಹೊರಗುಳಿದವರೂ ಇದ್ದಾರೆ: ಹುಲ್ಲು ಕೊಯ್ಯುತ್ತಿದ್ದವರು, ದನ ಮೇಯಿಸುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಬಲೆ ಬೀಸುತ್ತಿದ್ದವರು. ಅವರಿಗೆ ನೀರು ಕೆಟ್ಟರೆ ಅವತ್ತೇ ಗೊತ್ತಾಗುತ್ತಿತ್ತು. ವಾಕಿಂಗ್ ಬರುವವರಿಗೆ ವಾಸನೆ ಬರುವವರೆಗೆ ಗೊತ್ತಾಗಲ್ಲ.

ಅಳತೆಯೇ ಇಲ್ಲ ಅಂತಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬೆಂಗಳೂರಿನ ಕೆರೆಗಳ ನೀರನ್ನು ಪರೀಕ್ಷಿಸಿ ಎ-ಯಿಂದ ಇ-ವರೆಗೆ ದರ್ಜೆ ಕೊಡುತ್ತದೆ. ಎ-ಬಿ ಎಲ್ಲೋ, ನಮ್ಮ ಹೆಚ್ಚಿನ ಕೆರೆಗಳು ಕೊನೆಯ ಬೆಂಚು: ಡಿ, ಇ. ಡಿ ಅಂದರೆ ಮೀನು, ವನ್ಯಜೀವಿಗೆ ಯೋಗ್ಯ. ಕರಗಿದ ಆಕ್ಸಿಜನ್ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು. ಇ ಅಂದರೆ ನೀರಾವರಿಗೆ, ಕೈಗಾರಿಕೆಯ ಕೂಲಿಂಗ್‌ಗೆ. ತಮಾಷೆ ಏನು ಗೊತ್ತಾ? ಇ ದರ್ಜೆಗೆ ಆಕ್ಸಿಜನ್ನಿನ ಷರತ್ತೇ ಇಲ್ಲ. ಒಂದು ಮೀನೂ ಬದುಕದ ಕೆರೆ ಇ ದರ್ಜೆಯಲ್ಲಿ ಆರಾಮಾಗಿ ಪಾಸಾಗಬಹುದು. ಆ ಕೆರೆಯ ಸುತ್ತ ಎಂಥ ಟ್ರ್ಯಾಕ್ ಇದ್ದರೇನು.

ನಾವು ಕೇಳೋದು ಇಷ್ಟು. ಕೆರೆಯ ಆ ಬೋರ್ಡಿನಲ್ಲಿ ಕಾಮಗಾರಿಯ ಮೊತ್ತದ ಕೆಳಗೇ ಒಳಹರಿವಿನ ಮತ್ತು ಕೋಡಿಯ ನೀರಿನ ಆಕ್ಸಿಜನ್, ಅಮೋನಿಯಾ ಎಷ್ಟು ಅಂತ ಪ್ರತಿ ತಿಂಗಳು ಬರೆಯಲಿ. ಹತ್ತಿರದ ಒಂದು ತೆರೆದ ಬಾವಿಯ ನೀರಿನ ಮಟ್ಟ ಬರೆಯಲಿ. ಕಂಟ್ರಾಕ್ಟರ್‌ನ ಕೊನೆಯ ಕಂತು ಹೂಳೆತ್ತಿದ ದಿನಕ್ಕಲ್ಲ, ಎರಡು ಮಳೆಗಾಲ ಕಳೆದ ಮೇಲೆ ಸಿಗಲಿ. ಮತ್ತೆ, ಒಂದು ಕೆರೆಗೆ ಸರ್ಟಿಫಿಕೇಟ್ ಕೊಡುವ ಮುಂಚೆ ಅದರ ಕೆಳಗಿನ ಕೆರೆಯ ನೀರನ್ನೂ ಪರೀಕ್ಷಿಸಲಿ. ಇದಕ್ಕೆ ಹೊಸ ಟೆಕ್ನಾಲಜಿ ಏನೂ ಬೇಡ.

ಟೆಕ್ನಾಲಜಿ ಅಂದಾಗ ನೆನಪಾಯಿತು. ಪ್ರತಿ ವರ್ಷ ನಮ್ಮ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಸ್ಮಾರ್ಟ್ ಡಸ್ಟ್‌ಬಿನ್ ಎಷ್ಟು ಬರುತ್ತೋ 'ಐಒಟಿ ಕೆರೆ ಮಾನಿಟರಿಂಗ್' ಕೂಡ ಅಷ್ಟೇ ಬರುತ್ತೆ. ಬಕೆಟ್ ನೀರಿನಲ್ಲಿ ಸೆನ್ಸರ್ ಅದ್ದಿ ಡೆಮೊ. ನಿಜವಾದ ಕೆರೆಗೆ ಇಳಿಸಿದರೆ ಸ್ವಲ್ಪ ದಿನದಲ್ಲೇ ಸೆನ್ಸರ್ ಮೇಲೆ ಪಾಚಿ ಕಟ್ಟಿ ರೀಡಿಂಗ್ ಹಾಳಾಗುತ್ತೆ, ಯಾರಾದರೂ ಹೋಗಿ ಒರೆಸಬೇಕು. ಅದಕ್ಕಿಂತ ಎರಡು ಬಾಟಲಿ ಸಾಕು. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ನೀರಿನ ಗಡಸುತನ ಕಂಡುಹಿಡಿಯಲು ಟೈಟ್ರೇಷನ್ ಮಾಡಿ, ವೈನ್ ಕೆಂಪು ಬಣ್ಣ ನೀಲಿಯಾಗೋದನ್ನು ಕಾದು ಕೂತವರೇ ನಾವೆಲ್ಲ. ಕರಗಿದ ಆಕ್ಸಿಜನ್ ಅಳೆಯುವ ವಿಂಕ್ಲರ್ ವಿಧಾನವೂ ಟೈಟ್ರೇಷನ್ನೇ, ಸಿವಿಲ್ ವಿಭಾಗದ ಲ್ಯಾಬ್‌ನಲ್ಲಿ ಕೇಳಿದರೆ ತೋರಿಸ್ತಾರೆ. ಆಕ್ಸಿಜನ್ನನ್ನು ಕೆರೆಯ ದಡದಲ್ಲೇ ರಾಸಾಯನಿಕ ಹಾಕಿ ಹಿಡಿದಿಡಬೇಕು ಅನ್ನೋದೊಂದೇ ಸ್ವಲ್ಪ ರಗಳೆ.

ಮುಂದಿನ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕುತ್ತಿರುವವರಿಗೆ ನಮ್ಮದೊಂದು ಸಲಹೆ. ನಮ್ಮ ಕ್ಯಾಂಪಸ್ಸಿನ ಕೊಳಚೆ ಎಲ್ಲಿ ಶುದ್ಧವಾಗುತ್ತೆ, ಅಲ್ಲಿಂದ ಯಾವ ಕಾಲುವೆ ಹಿಡಿದು ಯಾವ ಕೆರೆಗೆ ಹೋಗುತ್ತೆ ಅಂತ ಮೊದಲು ಮ್ಯಾಪ್ ಮೇಲೆ ಗುರುತು ಮಾಡೋಣ. ಆಮೇಲೆ ಆ ಕೆರೆಯ ಒಳಹರಿವಿನಲ್ಲಿ ಒಂದು ಬಾಟಲಿ, ಕೋಡಿಯಲ್ಲಿ ಒಂದು ಬಾಟಲಿ, ತಿಂಗಳಿಗೊಮ್ಮೆ, ಜೂನ್‌ನಿಂದ ಮೇ ತನಕ. ಮೆಕ್ಯಾನಿಕಲ್, ಸಿಎಸ್ ಯಾರು ಬೇಕಾದರೂ ಬರಬಹುದು. ರೀಡಿಂಗ್‌ಗಳನ್ನು ಪ್ರತಿ ತಿಂಗಳು ಇದೇ ಪತ್ರಿಕೆಯಲ್ಲಿ ಹಾಕೋಣ, ಕನ್ನಡದಲ್ಲಿ, ನಮ್ಮ ಕಾಲೇಜಿನ ನೀರಿನಿಂದ ಶುರು ಮಾಡಿ.